ಹೆರಾಲ್ಡ್ ಕಾರಿನ ಸೀಟಿನಡಿಯ ಚರಿತ್ರೆ

ನಮ್ಮ ಕಡೆ ಹಳೇ ಕಾರಿನ ಸುದ್ದಿ ಬಂದರೆ ಜನ ಕೇಳುವುದು ಎರಡೇ ಪ್ರಶ್ನೆ. "ಓಡ್ತದಾ?" ಮತ್ತು "ಲೀಟರಿಗೆ ಎಷ್ಟು ಕೊಡ್ತದೆ?" ಸ್ವಲ್ಪ ತಿಳಿದವರಾದರೆ ಎಂಜಿನ್ ಮೂಲದ್ದೇ ಅಂತಲೂ ವಿಚಾರಿಸುತ್ತಾರೆ. ಆದರೆ "ಇದರ ಸೀಟು ಹೊಲಿದದ್ದು ಯಾರು?" ಅಂತ ಕೇಳುವವರು ಅಪರೂಪ. ಈ ಬರಹ ಆ ಮೂರನೇ ಪ್ರಶ್ನೆಯ ಬಗ್ಗೆ. ಬೋಳಾರದಂಥ ಜಾಗದಲ್ಲಿ, ಮನೆಯಂಗಳದಲ್ಲೇ ಒಂದು ಹಳೇ ಕಾರನ್ನು ಬಿಚ್ಚಿ ಮತ್ತೆ ಜೋಡಿಸಬೇಕಾದರೆ, ಕಾರಿನ ಚರಿತ್ರೆ ನಿಜವಾಗಿ ಸಿಗುವುದು ಸೀಟಿನ ಕೆಳಗೆ ಅಂತ ನನಗನ್ನಿಸುತ್ತದೆ. ಹೇಗೆ ಅಂತ ನೋಡೋಣ.

ಮೊದಲಿಗೆ ಒಂದು ಮಾತು. ಸ್ಪೋರ್ಟ್ಸ್ ಕಾರು ಅಂದಕೂಡಲೇ ಕಣ್ಣ ಮುಂದೆ ಬರುವ ಎಂಜಿ, ಟ್ರಯಂಫ್, ಜಾಗ್ವಾರ್‌ಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟೇ. ಕಾರಣ ಸರಳ. 1953ರಲ್ಲಿ ಕೇಂದ್ರ ಸರ್ಕಾರ, ದೇಶದೊಳಗೇ ಕಾರು ತಯಾರಿಸುವ ಯೋಜನೆ ಇಲ್ಲದ ಕಂಪೆನಿಗಳು ಬರೀ ಬಿಡಿಭಾಗ ತಂದು ಜೋಡಿಸಿ ಮಾರುವಂತಿಲ್ಲ ಎಂಬ ನೀತಿ ತಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಅಂಗಡಿ ಮುಚ್ಚಿ ಹೋದವು. ಉಳಿದದ್ದು ಮುಖ್ಯವಾಗಿ ಮೂರು: ಹಿಂದುಸ್ತಾನ್ ಮೋಟಾರ್ಸಿನ ಅಂಬಾಸಿಡರ್, ಪ್ರೀಮಿಯರ್‌ನ ಫಿಯೆಟ್, ಮದರಾಸಿನ ಸ್ಟಾಂಡರ್ಡ್. ಇದರಲ್ಲಿ ಯಾವುದು ನಮ್ಮವರ ಸ್ಪೋರ್ಟ್ಸ್ ಕಾರು ಅಂತ ಕೇಳಿದರೆ ನಾನು ಬೆರಳು ತೋರಿಸುವುದು ಸ್ಟಾಂಡರ್ಡ್ ಹೆರಾಲ್ಡ್‌ಗೆ!

ನಗಬೇಡಿ. ಹೆರಾಲ್ಡಿನ ವಂಶಾವಳಿ ನೋಡಿ. ಇಂಗ್ಲೆಂಡಿನ ಸ್ಟಾಂಡರ್ಡ್-ಟ್ರಯಂಫ್ ಕಂಪೆನಿ ಇದನ್ನು 1959ರ ಏಪ್ರಿಲ್‌ನಲ್ಲಿ ಹೊರತಂದಿತು. ರೂಪ ಕೊಟ್ಟವನು ಇಟಲಿಯ ಟ್ಯೂರಿನ್ನಿನ ಜೊವಾನ್ನಿ ಮಿಕೆಲೊಟ್ಟಿ. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಎರಡು ಸೀಟಿನ ತೆರೆದ ಬಾಡಿ ಕೂರಿಸಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಅದು 1980ರವರೆಗೆ ಬಂತು, ಒಟ್ಟು ಮೂರು ಲಕ್ಷಕ್ಕೂ ಹೆಚ್ಚು. ಅಂದರೆ ಸ್ಪಿಟ್‌ಫೈರ್ ಹೆರಾಲ್ಡಿನ ಒಡಹುಟ್ಟಿದ ತಮ್ಮ. ನಮ್ಮಲ್ಲಿಯೂ ಮದರಾಸಿನ ಶೋಲಾವರಂ ರೇಸುಗಳಲ್ಲಿ ಹೆರಾಲ್ಡ್‌ಗಳು ಓಡಿವೆ. 25 ಅಡಿಯ ವೃತ್ತದಲ್ಲಿ ತಿರುಗಿ ನಿಲ್ಲುವ ಕಾರು ಅದು. ಮಂಗಳೂರಿನ ಓಣಿಗಳಿಗೆ ಹೇಳಿ ಮಾಡಿಸಿದಂತಿತ್ತು ಅನ್ನಿ.

ಮನೆಯಲ್ಲಿ ಬಿಚ್ಚಿ ಜೋಡಿಸುವವರಿಗೆ ಇದು ದೇವರು ಕೊಟ್ಟ ಕಾರು. ಅದಕ್ಕೂ ಒಂದು ಚರಿತ್ರೆ ಉಂಟು. ಆ ಕಾಲಕ್ಕೆ ಹೆಚ್ಚಿನ ಕಾರುಗಳಲ್ಲಿ ಚಾಸಿ ಮತ್ತು ಬಾಡಿ ಒಂದೇ ಪೆಟ್ಟಿಗೆಯಾಗಿ ಬೆಸೆದು ಹೋಗುತ್ತಿದ್ದವು. ಸ್ಟಾಂಡರ್ಡ್-ಟ್ರಯಂಫ್‌ಗೆ ಬಾಡಿ ಒತ್ತಿ ಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಕೊಂಡಿತು. ಇಡೀ ಬಾಡಿ ಒತ್ತಿ ಕೊಡುವವರಿಲ್ಲ! ಹಾಗಾಗಿ ಇವರು ಹಳೇ ಕಾಲದ ಹಾಗೆ ಬೇರೆಯೇ ಚಾಸಿ ಮಾಡಿ, ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟು ಹಾಕಿ ಕೂರಿಸಿದರು. ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮಾಡು ಕೂಡ ಬೋಲ್ಟಿನದ್ದೇ. ಕಂಪೆನಿಯ ಅಂದಿನ ಸಂಕಟ ಇಂದು ಅಂಗಳದಲ್ಲಿ ಸ್ಪ್ಯಾನರು ಹಿಡಿದವನಿಗೆ ವರವಾಗಿದೆ. ದೊಡ್ಡ ಕ್ರೇನು ಬೇಡ, ನಾಲ್ಕೈದು ಜನ ಗಟ್ಟಿಗರು ಸಾಕು, ಬಾಡಿಯನ್ನು ಭಾಗ ಭಾಗವಾಗಿ ಎತ್ತಿ ಪಕ್ಕಕ್ಕಿಡಬಹುದು.

ಭಾರತದ ಹೆರಾಲ್ಡ್ ಮದರಾಸಿನ ಹತ್ತಿರದ ವಂಡಲೂರಿನಲ್ಲಿ 1961ರಿಂದ ತಯಾರಾಯಿತು. ಅಲ್ಲಿ ಇಂಗ್ಲೆಂಡಿನವರು 1147 ಸಿಸಿಗೆ ಹೋದರೂ ನಮ್ಮದು 948 ಸಿಸಿಯಲ್ಲೇ ಉಳಿಯಿತು. 1968ರಲ್ಲಿ ಮಾರ್ಕ್ 3 ಬಂತು, ನಾಲ್ಕು ಬಾಗಿಲಿನದ್ದು. ಇದನ್ನು ಗಮನಿಸಿ: ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅದು ನಮ್ಮ ದೇಶದ್ದೇ ಸೃಷ್ಟಿ. ಆಮೇಲೆ ಅದೇ ಮೈಕಟ್ಟಿನ ಗೆಜೆಲ್ 1977ರವರೆಗೆ ಬಂತು. 1983ರ ಡಿಸೆಂಬರಿನಲ್ಲಿ ಮಾರುತಿ ರಸ್ತೆಗಿಳಿದ ಮೇಲೆ ಇವೆಲ್ಲ ಒಂದೊಂದಾಗಿ ಗುಜರಿಗೆ ಹೋದವು.

ಇನ್ನು ಬೋಳಾರಕ್ಕೆ ಬರೋಣ.

ಒಂದು ಕಡೆ ನೇತ್ರಾವತಿ, ಆಚೆಗೆ ಸಮುದ್ರ, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯಲ್ಲೇ ಉಪ್ಪು. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಊರು ಬೇಕಾ? ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವ ಹೋಗದಿದ್ದರೆ ತುಕ್ಕು ನಿಲ್ಲುವುದಿಲ್ಲ. ಹೆರಾಲ್ಡಿನಲ್ಲಿ ತುಕ್ಕು ಮೊದಲು ಹಿಡಿಯುವುದು ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳಿಗೆ, ಬಾಗಿಲಿನ ಬುಡಕ್ಕೆ, ಡಿಕ್ಕಿಯ ನೆಲಕ್ಕೆ. ಮತ್ತೆ, ಕಾಲಡಿಯ ಕಾರ್ಪೆಟ್ಟಿನ ಕೆಳಗೆ ಹಾಸಿದ ಗೋಣಿ ಮತ್ತು ಫೆಲ್ಟು ಉಂಟಲ್ಲ, ಅದು ಮಳೆನೀರನ್ನು ಸ್ಪಂಜಿನ ಹಾಗೆ ಕುಡಿದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಕಾರು ಚಂದ, ಕಾಲಿಟ್ಟರೆ ನೆಲವೇ ಇಲ್ಲ! ಆದ್ದರಿಂದ ಕರಾವಳಿಯಲ್ಲಿ ಕಾರಿನ ಒಳಗಿನ ಕೆಲಸ ಬರೀ ಅಲಂಕಾರ ಅಲ್ಲ. ಒಳಗಿನ ಬಟ್ಟೆ ಸರಿಯಿಲ್ಲದಿದ್ದರೆ ಹೊರಗಿನ ಬಣ್ಣ ಎರಡು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ.

ಹಾಗಾದರೆ ಇಂಥ ಊರಲ್ಲಿ ಕಾರುಗಳು ಇಷ್ಟು ದಿನ ಬದುಕಿದ್ದು ಹೇಗೆ? ಕೈಕೆಲಸದವರಿಂದ. ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. ಆಮೇಲೆ ನದಿ ದಂಡೆಯುದ್ದಕ್ಕೂ, ಬೋಳಾರದಲ್ಲೂ, ಹಂಚಿನ ಚಿಮಣಿಗಳು ಎದ್ದವು. ಹಂಚು ಒತ್ತುವ ಯಂತ್ರ ಕೆಟ್ಟರೆ ರಿಪೇರಿಗೆ ಜನ ಬೇಕಲ್ಲ? ಫಿಟ್ಟರು, ಟರ್ನರು, ಅಚ್ಚು ಎರೆಯುವವರು ಈ ಊರಲ್ಲಿ ಮೋಟಾರು ಬರುವ ಮೊದಲೇ ತಯಾರಾಗಿದ್ದರು. ಬಟ್ಟೆಯ ಕೆಲಸವೂ ಹಾಗೆಯೇ. ಬಲ್ಮಠದ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬಾತ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣದ ಬಟ್ಟೆ ಮಾಡಿದ ಎಂಬುದು ಮಂಗಳೂರಿನವರ ಹೆಮ್ಮೆಯ ಮಾತು. ಪಂಜಾಬಿನ ಸೈನ್ಯದವರು ತಮ್ಮದೇ ಮೊದಲು ಅನ್ನುತ್ತಾರೆ, ಆ ಜಗಳ ಇಲ್ಲಿ ಬೇಡ.

ಲೀಫ್ ಸ್ಪ್ರಿಂಗ್ ವಿಷಯದಲ್ಲಂತೂ ಜಗಳವೇ ಇಲ್ಲ. ವಾಮನ ಶ್ರೀನಿವಾಸ ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್‌ನ ಸ್ಪ್ರಿಂಗುಗಳು ಮಂಗಳೂರಿನ ಹೆಸರನ್ನು ದೇಶದ ಲಾರಿಗಳ ಅಡಿಗೆಲ್ಲ ಕೊಂಡೊಯ್ದವು. ಇದೇ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ ಮತ್ತು ಡಾ. ಟಿ.ಎಂ.ಎ. ಪೈ ಅವರೊಂದಿಗೆ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ ಎಂಜಿನಿಯರು. ಹೆರಾಲ್ಡಿನ ಹಿಂದಿನ ಚಕ್ರಗಳು ನಿಂತಿರುವುದು ಅಡ್ಡಕ್ಕೆ ಕೂರಿಸಿದ ಒಂದೇ ಲೀಫ್ ಸ್ಪ್ರಿಂಗಿನ ಮೇಲೆ. ಅದು ಜಗ್ಗಿದರೆ ಚಕ್ರಗಳು ಕಾಲು ಅಗಲಿಸಿ ನಿಂತ ಕರುವಿನ ಹಾಗೆ ಕಾಣುತ್ತವೆ. ಸ್ಪ್ರಿಂಗಿನ ಪ್ಲೇಟು ಬಿಚ್ಚಿ ಬಾಗು ಸರಿಮಾಡಿ ಕೊಡುವವರು ಇರುವ ಊರಲ್ಲಿ ಹೆರಾಲ್ಡಿನವನಿಗೆ ಏನು ಚಿಂತೆ!

ಈಗ ಸೀಟಿಗೆ ಬರೋಣ. ನಾವು ರೆಕ್ಸಿನ್ ಅನ್ನುತ್ತೇವಲ್ಲ, ಅದು ಮೂಲದಲ್ಲಿ ಒಂದು ಕಂಪೆನಿಯ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬಲ್ಲಿ ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸಿ, ಚರ್ಮದ ಗೆರೆ ಒತ್ತಿ ಮಾರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಆ ಜಾಗಕ್ಕೆ ಪಿವಿಸಿ ಬಂತು. ಇಂದು ನಮ್ಮ ರಿಕ್ಷಾದ ಸೀಟಿನಲ್ಲಿರುವುದು ಪಿವಿಸಿ, ಬಾಯಲ್ಲಿರುವುದು ಮಾತ್ರ ಅದೇ ರೆಕ್ಸಿನ್. ವಸ್ತು ಸತ್ತರೂ ಹೆಸರು ಬದುಕಿದೆ.

ರೆಕ್ಸಿನ್ ಬಿಚ್ಚಿದರೆ ಒಳಗೆ ಏನುಂಟು? ಹಳೇ ಕಾರುಗಳಲ್ಲಿ ಯುರೋಪಿನವರು ಕುದುರೆ ಕೂದಲು ತುಂಬುತ್ತಿದ್ದರು, ಆಮೇಲೆ ಫೋಮು. ನಮ್ಮಲ್ಲಿ ರಿಪೇರಿಗೆ ಹೋದ ಸೀಟಿನೊಳಗೆ ತೆಂಗಿನ ನಾರು ಬರುತ್ತದೆ. ಬರದೆ ಇರುತ್ತದೆಯೇ, ತೆಂಗಿನ ಊರಲ್ಲಿ! ನಾರಿಗೆ ರಬ್ಬರಿನ ಹಾಲು ಸೇರಿಸಿ ಗಟ್ಟಿ ಮಾಡುವ ವಿದ್ಯೆಯಿಂದಲೇ ಮಣಿಪಾಲದ ಪೈ ಮನೆತನದವರ ಕರ್ಲಾನ್ 1962ರಲ್ಲಿ ಹುಟ್ಟಿತು. ಹೆರಾಲ್ಡ್ ನಮ್ಮ ರಸ್ತೆಗೆ ಬಂದ ಮರುವರ್ಷ. ನಾರಿಗೆ ಒಂದು ಗುಣ ಉಂಟು: ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಅಗ್ಗದ ಫೋಮು ನಮ್ಮ ಸೆಕೆಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಬಿಸ್ಕತ್ತಿನಂತೆ ಉದುರುತ್ತದೆ.

ಮನೆಯಲ್ಲೇ ಸೀಟು ಹೊಲಿಸುವ ಕ್ರಮ ಹೀಗೆ. ಹಳೇ ಕವರನ್ನು ಕತ್ತರಿಸಬಾರದು, ಹೊಲಿಗೆ ಬಿಚ್ಚಬೇಕು. ಪ್ರತಿ ತುಂಡಿನ ಹಿಂಬದಿಗೆ ಎಡ, ಬಲ, ಮೇಲೆ, ಕೆಳಗೆ ಅಂತ ಚಾಕ್‌ಪೀಸಿನಲ್ಲಿ ಬರೆಯಬೇಕು. ಎರಡು ತುಂಡು ಕೂಡುವಲ್ಲಿ ಅಡ್ಡಗೆರೆ ಹಾಕಬೇಕು, ಇಲ್ಲದಿದ್ದರೆ ಹೊಲಿಯುವಾಗ ಒಂದು ಬದಿ ಅರ್ಧ ಇಂಚು ಜಾಸ್ತಿ ಉಳಿಯುತ್ತದೆ. ಆಮೇಲೆ ಅದೇ ತುಂಡುಗಳನ್ನು ಹೊಸ ರೆಕ್ಸಿನಿನ ಮೇಲೆ ಇಟ್ಟು ಗುರುತು ಮಾಡಿ ಕತ್ತರಿಸಬೇಕು. ಅಂಚಿನ ಪೈಪಿಂಗ್ ಹೊಲಿದ ಮೇಲೆ ಕವರನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗಿ ಚೌಕಟ್ಟಿನ ಮೇಲೆ ಸುಕ್ಕಿಲ್ಲದೆ ಎಳೆಯಲು ಬರುತ್ತದೆ. ಬಾಗಿಲಿನ ಹಲಗೆಗೆ ಹಾರ್ಡ್‌ಬೋರ್ಡ್ ಹಾಕಿದರೆ ಒಂದು ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬುತ್ತದೆ. ದೋಣಿಗೆ ಬಳಸುವ ಪ್ಲೈವುಡ್ ಒಳ್ಳೆಯದು, ಅದರ ಅಂಚಿಗೂ ವಾರ್ನಿಶ್ ಬಳಿಯಬೇಕು. ಅಂಟಿನ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಟ್ಟಲೇಬಾರದು. ಗಾಳಿಯ ತೇವ ಅಂಟಿನ ಮೇಲೆ ಕೂತು ಹಿಡಿತವೇ ಸಿಗುವುದಿಲ್ಲ. ಇದೆಲ್ಲ ಕುಶನ್ ಅಂಗಡಿಯವರಿಗೆ ನೀರು ಕುಡಿದಷ್ಟು ಸುಲಭ. ಬಸ್ಸು, ರಿಕ್ಷಾ, ಸಿನೆಮಾ ಟಾಕೀಸಿನ ಕುರ್ಚಿ ಎಲ್ಲ ಹೊಲಿದ ಕೈ ಅದು.

ಇಲ್ಲೇ ನೋಡಿ ನಿಜವಾದ ಪ್ರಶ್ನೆ ಹುಟ್ಟುವುದು. ಮೂಲ ಅಂದರೆ ಯಾವುದು?

2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ 'ವಿಎ' ಅಕ್ಷರದ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಬೋಲ್ಟು ಬಿಚ್ಚಿ ಮಾಡು ತೆಗೆದು ಸ್ಪಿಟ್‌ಫೈರ್ ತಮ್ಮನ ವೇಷ ಹಾಕುವ ಆಸೆ ಇದ್ದವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಆದರೆ ಆ ಷರತ್ತಿನಲ್ಲಿ ಸೀಟಿನ ಹೆಸರಿಲ್ಲ. ಒಳಗಿನದ್ದು ಯಜಮಾನನ ಮನಸ್ಸಾಕ್ಷಿಗೆ ಬಿಟ್ಟದ್ದು.

ಹಣ ಇದ್ದವರು ಇಂಗ್ಲೆಂಡಿನಿಂದ ಹೊಲಿದ ಕಿಟ್ಟನ್ನೇ ತರಿಸುತ್ತಾರೆ. ಅಲ್ಲಿ ಹೆರಾಲ್ಡಿಗೆ ಈಗಲೂ ಸಿಗುತ್ತದೆ, ಹೊಲಿಗೆಯೂ ಅಚ್ಚುಕಟ್ಟು. ಆದರೆ ಅದು ಇಂಗ್ಲೆಂಡಿನ ಎರಡು ಬಾಗಿಲಿನ ಕಾರಿನ ಅಳತೆ. ವಂಡಲೂರಿನ ಮಾರ್ಕ್ 3ರ ಹಿಂದಿನ ಬಾಗಿಲಿನ ಹಲಗೆ ಅಲ್ಲಿನ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಆ ಬಾಗಿಲೇ ಇರಲಿಲ್ಲವಲ್ಲ! ಆ ತುಂಡಿಗೆ ಪ್ರಪಂಚದಲ್ಲಿ ಇರುವ ನಮೂನೆ ಒಂದೇ: ನಮ್ಮ ದೇಶದ ಕಾರುಗಳಲ್ಲಿ ಕೊಳೆತು ನೇತಾಡುತ್ತಿರುವ ಹಳೇ ಹಲಗೆ. ಅದನ್ನು ಕಸ ಅಂತ ಗುಡಿಸಿ ಬೆಂಕಿಗೆ ಹಾಕಿದ ದಿನ ಆ ಕಾರಿನ ಒಂದು ಪುಟ ಹೋಯಿತು, ಮತ್ತೆ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕಾರ್ಖಾನೆಯಿಂದ ಬಂದ ಸೀಟು ಹತ್ತು ವರ್ಷ ಬಾಳಿರಬಹುದು. ಆಮೇಲೆ ಮಂಗಳೂರಿನ ಯಾವುದೋ ಕುಶನ್ ಅಂಗಡಿಯಲ್ಲಿ ನಾರು ತುಂಬಿ, ಸಿಕ್ಕಿದ ಬಣ್ಣದ ರೆಕ್ಸಿನ್ ಹಾಕಿ ಹೊಲಿದ ಸೀಟು ಮೂವತ್ತು ವರ್ಷ ಬಾಳಿತು ಅನ್ನಿ. ಮದುವೆಗೆ, ಹೆರಿಗೆಗೆ, ಕಟೀಲಿಗೆ, ಧರ್ಮಸ್ಥಳಕ್ಕೆ ಜನ ಕೂತು ಹೋದದ್ದು ಈ ಎರಡನೇ ಸೀಟಿನ ಮೇಲೆ. ಅದು ಮೂಲ ಅಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಿಡಿಭಾಗವೇ ಸಿಗದ ಕಾಲದಲ್ಲಿ ಕಾರನ್ನು ಬದುಕಿಸಿದ ಬುದ್ಧಿ ಅದರಲ್ಲಿದೆ. ಹಾಗಂತ ಹರಿದ ಸೀಟಿನಲ್ಲೇ ಕೂರಿ ಅನ್ನುತ್ತಿಲ್ಲ. ಹೊಸದು ಹೊಲಿಸಿ, ಕಾರ್ಖಾನೆಯ ನಮೂನೆಯಲ್ಲೇ ಹೊಲಿಸಿ. ಆದರೆ ಹಳೆಯದನ್ನು ಬಿಸಾಡಬೇಡಿ. ಒಣಗಿಸಿ, ಫೋಟೋ ತೆಗೆದು, ಅಳತೆ ಬರೆದು, ಒಂದು ಟ್ರಂಕಿನಲ್ಲಿಡಿ.

ಹಳೇ ಕಾರುಗಳಿಗೆ ನಮ್ಮಲ್ಲಿ ಸಂಗ್ರಹಾಲಯಗಳು ಇಲ್ಲದೆ ಇಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕಟ್ಟಿದ ಸಂಗ್ರಹ ಉಂಟು, ಶ್ರೀರಂಗಪಟ್ಟಣದ ಬಳಿ 'ಪಯಣ' ಉಂಟು. ಅಲ್ಲಿ ಕಾರಿನ ಎದುರು ನಿಂತರೆ ತಯಾರಿಸಿದವರ ಹೆಸರು ಸಿಗುತ್ತದೆ, ಓಡಿಸಿದ ದೊಡ್ಡವರ ಹೆಸರೂ ಸಿಗಬಹುದು. ಸೀಟು ಹೊಲಿದವರ ಹೆಸರು ಮಾತ್ರ ಯಾವ ಫಲಕದಲ್ಲೂ ಇರುವುದಿಲ್ಲ. ಅದನ್ನು ಬರೆಯುವವರು ನಾವೇ ಆಗಬೇಕಷ್ಟೆ. ನಿಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕುಶನ್ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಹಳೇ ಹೊಲಿಗೆ ಮಿಶನ್ನಿನ ಮುಂದೆ ಕೂತಿರುವ ಅಜ್ಜನ ಹತ್ತಿರ ಹೋಗಿ ಮಾತಾಡಿಸಿ. ಯಾವ ಯಾವ ಕಾರು ಹೊಲಿದಿದ್ದಾರೆ, ನಾರು ಎಲ್ಲಿಂದ ತರುತ್ತಿದ್ದರು, ಮೀಟರಿಗೆ ಎಷ್ಟಿತ್ತು, ಕೇಳಿ ಬರೆದಿಡಿ. ಕಾರು ಗ್ಯಾರೇಜಿನಲ್ಲಿ ಇನ್ನೂ ಐವತ್ತು ವರ್ಷ ಕಾಯಬಲ್ಲದು. ಅಜ್ಜ ಕಾಯುವುದಿಲ್ಲ.