ಕಳೆದದ್ದು ಸುತ್ತಿಗೆ, ಸಿಕ್ಕಿದ್ದು ನಿಧಿ

1992ರ ನವೆಂಬರ್ 16ರಂದು ಇಂಗ್ಲೆಂಡಿನ ಸಫಕ್ ಪ್ರಾಂತದ ಹಾಕ್ಸನ್ ಹಳ್ಳಿಯ ರೈತರೊಬ್ಬರು ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಲು ಅವರ ಗೆಳೆಯ ಎರಿಕ್ ಲಾಸ್ ಲೋಹಶೋಧಕ ಯಂತ್ರ ಹಿಡಿದು ಹೊರಟರು. ಯಂತ್ರ ಸದ್ದು ಮಾಡಿತು. ಅಗೆದರೆ ಬೆಳ್ಳಿ, ಬಂಗಾರ! ಒಂದಷ್ಟು ತೆಗೆದವರು ಆಸೆಗೆ ಬೀಳದೆ, ಅಗೆತ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು.

ಮರುದಿನವೇ ಪುರಾತತ್ತ್ವಜ್ಞರು ಬಂದರು. ದೊರೆತ ರೋಮನ್ ನಾಣ್ಯಗಳು 14,865; ಕೊನೆಯವು ಕ್ರಿ.ಶ. 407-408ರವು, ಬ್ರಿಟನ್ನಿನಲ್ಲಿ ರೋಮನರ ಆಳ್ವಿಕೆ ಮುಗಿಯುತ್ತಿದ್ದ ಕಾಲದವು. ಜೊತೆಗೆ ಕಾಳುಮೆಣಸಿನ ನಾಲ್ಕು ಬೆಳ್ಳಿ ಕುಡಿಕೆಗಳು. ರೋಮನರಿಗೆ ಆ ಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ!

ಮಣ್ಣಾಗಿದ್ದ ಮರದ ಪೆಟ್ಟಿಗೆಯಲ್ಲಿ ಯಾವುದು ಎಲ್ಲಿತ್ತೆಂದು ತಿಳಿದದ್ದು ಆ ಸಂಯಮದಿಂದಲೇ. ಬಹುಮಾನದ 17.5 ಲಕ್ಷ ಪೌಂಡನ್ನು ಲಾಸ್ ರೈತರೊಡನೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ನಿಧಿಯೊಡನೆ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.