ಉದಕಮಂಡಲದ ಎರಡು ಗಣಕ ವ್ಯವಸ್ಥೆಗಳು: ಕೆಲಸ ಹಂಚುವ ಬಗೆ ಕುರಿತು ಒಂದು ಟಿಪ್ಪಣಿ

ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ ಮೋಡವೊಂದು 2015ರ ಜೂನ್ 22ರಂದು, ಅಂತರರಾಷ್ಟ್ರೀಯ ಕಾಲಮಾನದ 18:40ಕ್ಕೆ ಭೂಮಿಗೆ ಬಂದು ಬಡಿಯಿತು. ನಮ್ಮಲ್ಲಿ ಆಗ ಮಧ್ಯರಾತ್ರಿ ಕಳೆದು ಹತ್ತು ನಿಮಿಷ. ಇನ್ನೂ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಉದಕಮಂಡಲದ ಗ್ರೇಪ್ಸ್-3 ಮ್ಯುವಾನ್ ದೂರದರ್ಶಕದಲ್ಲಿ ಎಣಿಕೆ ಏರತೊಡಗಿತು. ಆ ಏರಿಕೆ ಎರಡು ಗಂಟೆ ಉಳಿಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯದ ತಂಡ ಇದರ ವಿವರಣೆಯನ್ನು 2016ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಭೂಮಿಯ ಕಾಂತಕವಚ ಕೆಲಹೊತ್ತು ದುರ್ಬಲಗೊಂಡಿತ್ತು ಎಂಬುದು ಅದರ ತಿರುಳು, ಸುದ್ದಿಯಾದದ್ದೂ ಅದೇ. ಈ ಟಿಪ್ಪಣಿಯ ಆಸಕ್ತಿ ಬೇರೆ ಕಡೆ ಇದೆ. ಆ ತೀರ್ಮಾನಕ್ಕೆ ಆಧಾರವಾದ ಲೆಕ್ಕವನ್ನು ಪ್ರಯೋಗಾಲಯದವರೇ ಊಟಿಯಲ್ಲಿ ಕಟ್ಟಿಕೊಂಡಿದ್ದ 1280 ಕೋರ್‌ಗಳ ಗಣಕ ವ್ಯವಸ್ಥೆ ಹಲವು ವಾರ ಕೂತು ಮಾಡಿತ್ತು. ಆ ಲೆಕ್ಕವನ್ನು ಅಷ್ಟೊಂದು ಕೋರ್‌ಗಳಿಗೆ ಹಂಚಲು ಆದದ್ದು ಹೇಗೆ?

ಲೆಕ್ಕದ ಸ್ವರೂಪ ನೋಡಿದರೆ ಉತ್ತರ ಸಿಗುತ್ತದೆ. ಗ್ರಹಗಳ ನಡುವಿನ ಕಾಂತಕ್ಷೇತ್ರದಲ್ಲಿ ಅಂದು ಕಂಡ ಏರಿಕೆ 40 ನ್ಯಾನೋಟೆಸ್ಲಾ. ಅದು ಭೂಮಿಯ ಬಳಿ 17 ಪಟ್ಟು ಒತ್ತಲ್ಪಟ್ಟು 680 ನ್ಯಾನೋಟೆಸ್ಲಾ ಆಗಿದ್ದರೆ ದಾಖಲಾದ ಏರಿಕೆ ಹೊಂದುತ್ತದೆ ಎಂದು ತಂಡ ತೋರಿಸಿತು. ಇಂಥ ಅಧ್ಯಯನಗಳಲ್ಲಿ ಕಣದ ಹಾದಿಯನ್ನು ಹಿಮ್ಮುಖವಾಗಿ ಲೆಕ್ಕ ಹಾಕುವುದು ರೂಢಿ. ಊಟಿಯ ಮೇಲಿನ ಆಕಾಶದಿಂದ ಒಂದು ದಿಕ್ಕಿಗೆ, ಒಂದು ಶಕ್ತಿಯ ಕಣವನ್ನು ಹೊರಡಿಸಿ, ಅದು ಕಾಂತಕ್ಷೇತ್ರ ದಾಟಿ ಹೊರಬಿದ್ದೀತೇ, ಬಾಗಿ ಭೂಮಿಗೇ ಮರಳೀತೇ ಎಂದು ಪರೀಕ್ಷಿಸುತ್ತಾರೆ. ದಿಕ್ಕು, ಶಕ್ತಿ, ಕಾಂತಕ್ಷೇತ್ರದ ಊಹೆ, ಇವುಗಳ ಒಂದೊಂದು ಜೋಡಣೆಯೂ ಒಂದೊಂದು ಸ್ವತಂತ್ರ ಕೆಲಸ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಕಟ್ಟನ್ನು ಮೌಲ್ಯಮಾಪಕರಿಗೆ ಹಂಚಿದ ಹಾಗೆ: ಒಬ್ಬರ ಮೇಜಿನ ಅಂಕ ಇನ್ನೊಬ್ಬರ ಮೇಜಿನ ಅಂಕಕ್ಕೆ ಕಾಯುವುದಿಲ್ಲ.

ವಿಶ್ವಕಿರಣವೊಂದು ವಾಯುಮಂಡಲಕ್ಕೆ ಅಪ್ಪಳಿಸಿ ಎಬ್ಬಿಸುವ, ಮ್ಯುವಾನ್‌ಗಳೂ ಸೇರಿದ ಕಣಗಳ ಸುರಿಮಳೆಯ ಲೆಕ್ಕವೂ ಇದೇ ಜಾತಿಯದು. ಅದಕ್ಕೆ ಬಳಸುವ ಕಾರ್ಸಿಕಾ ಎಂಬ ತಂತ್ರಾಂಶ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ್ದು. ಕಣ ಯಾವುದು, ಶಕ್ತಿ ಎಷ್ಟು, ಕೋನ ಯಾವುದು, ಯಾದೃಚ್ಛಿಕ ಸಂಖ್ಯೆಗಳ ಬೀಜ ಯಾವುದು: ಒಂದು ಕೆಲಸಕ್ಕೆ ಕೊಡಬೇಕಾದದ್ದು ಇಂಥ ಕೆಲವೇ ಸಾಲು. ನಂತರ ಆ ಯಂತ್ರ ಯಾರೊಡನೆಯೂ ಮಾತಾಡದೆ ಗಂಟೆಗಟ್ಟಲೆ ದುಡಿಯಬಲ್ಲದು. ಇಂಥ ಕಡೆ ಜಾಲದ ವೇಗ ಹೆಚ್ಚೂಕಡಿಮೆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟು ಲೆಕ್ಕ ಯಾಕೆ ಬೇಕು ಎಂದರೆ, ಅಳತೆಯೇ ಅಷ್ಟು ಸೂಕ್ಷ್ಮವಾಗಿದೆ. ಗ್ರೇಪ್ಸ್-3ರ 560 ಚದರ ಮೀಟರಿನ ಮ್ಯುವಾನ್ ದೂರದರ್ಶಕ ದಿನಕ್ಕೆ ಸುಮಾರು 400 ಕೋಟಿ ಮ್ಯುವಾನ್‌ಗಳನ್ನು ಎಣಿಸುತ್ತದೆ. 2014ರ ಡಿಸೆಂಬರ್ 1ರ ಗುಡುಗು ಮೋಡದೊಳಗೆ 130 ಕೋಟಿ ವೋಲ್ಟಿನಷ್ಟು ವಿಭವಾಂತರ ಇತ್ತೆಂದು ಇದೇ ತಂಡ 2019ರಲ್ಲಿ ಪ್ರಕಟಿಸಿದ್ದು, 18 ನಿಮಿಷ ಕಾಲ ಮ್ಯುವಾನ್ ಎಣಿಕೆಯಲ್ಲಿ ಕಂಡ ಸುಮಾರು ಶೇ. 2ರ ಇಳಿಕೆಯ ಆಧಾರದ ಮೇಲೆ. ಅಷ್ಟು ಸಣ್ಣ ಇಳಿಕೆಯನ್ನು ಅರ್ಥೈಸುವ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತೂಗಾಟ ಇರಕೂಡದು. ಸಂಖ್ಯಾಶಾಸ್ತ್ರೀಯ ದೋಷ ಅರ್ಧಕ್ಕೆ ಇಳಿಯಬೇಕಾದರೆ ಕೃತಕ ಘಟನೆಗಳ ಸಂಖ್ಯೆ ನಾಲ್ಕು ಪಟ್ಟು ಆಗಬೇಕು. ಕೋರ್‌ಗಳ ಹಸಿವು ಹುಟ್ಟುವುದು ಇಲ್ಲಿಂದ.

ಹಂಚುವುದು ಸುಲಭ ಎಂದ ಮಾತ್ರಕ್ಕೆ ಎಚ್ಚರ ಬೇಡವೆಂದಲ್ಲ. ಎರಡು ಯಂತ್ರಗಳಿಗೆ ಒಂದೇ ಬೀಜ ಹೋದರೆ ಎರಡೂ ಒಂದೇ ಸುರಿಮಳೆಯನ್ನು ಮಾಡಿಡುತ್ತವೆ. ಘಟನೆಗಳ ಸಂಖ್ಯೆ ಹೆಚ್ಚುತ್ತದೆ, ಮಾಹಿತಿ ಹೆಚ್ಚುವುದಿಲ್ಲ, ದೋಷ ಮಾತ್ರ ನಿಜಕ್ಕಿಂತ ಕಡಿಮೆ ಎಂದು ಕಾಣುತ್ತದೆ. ಯಾವ ಯಂತ್ರವೂ ಇದನ್ನು ತಪ್ಪೆಂದು ತೋರಿಸದು, ಹಾಗಾಗಿ ಇದು ಕೆಟ್ಟುನಿಂತ ಯಂತ್ರಕ್ಕಿಂತ ಅಪಾಯಕಾರಿ. ಇನ್ನೊಂದು ತೊಡಕು ಸಮಯದ್ದು. ಸುರಿಮಳೆಯ ಲೆಕ್ಕಕ್ಕೆ ಹಿಡಿಯುವ ಹೊತ್ತು ಮೂಲ ಕಣದ ಶಕ್ತಿಯೊಂದಿಗೆ ಸುಮಾರು ಸಮಪ್ರಮಾಣದಲ್ಲಿ ಬೆಳೆಯುತ್ತದೆ. ಕೆಲಸಗಳನ್ನು ಮೊದಲೇ ಸಮನಾಗಿ ಎಣಿಸಿ ಹಂಚಿಬಿಟ್ಟರೆ ಕೆಲವು ಕೋರ್‌ಗಳು ಬೇಗ ಮುಗಿಸಿ ಸುಮ್ಮನೆ ಕೂರುತ್ತವೆ, ಒಂದೆರಡು ಮಾತ್ರ ದಿನವಿಡೀ ಏಗುತ್ತಿರುತ್ತವೆ. ಆದ್ದರಿಂದ ಒಂದೇ ಸರತಿ ಇಟ್ಟು, ಬಿಡುವಾದ ಕೋರ್ ಮುಂದಿನ ಕೆಲಸವನ್ನು ತಾನೇ ಎತ್ತಿಕೊಳ್ಳುವಂತೆ ಮಾಡುವುದು ಮೇಲು. ದೊಡ್ಡ ಕೆಲಸಗಳು ಸರತಿಯ ಮೊದಲಿಗೇ ಇರಲಿ.

ಈಗ ಅದೇ ಊರಿನ ಇನ್ನೊಂದು ಪ್ರಯೋಗಕ್ಕೆ ಬರೋಣ. ಮುತ್ತೋರೈ ಬಳಿಯ ಗುಡ್ಡದ ಇಳಿಜಾರಿನಲ್ಲಿ 1970ರಿಂದ ಕೆಲಸ ಮಾಡುತ್ತಿರುವ ರೇಡಿಯೋ ದೂರದರ್ಶಕ ಗೋವಿಂದ ಸ್ವರೂಪ್ ಅವರ ಕಲ್ಪನೆ. ಉದ್ದ 530 ಮೀಟರ್, ಅಗಲ 30. ಇಳಿಜಾರಿನ ಕೋನ ಸ್ಥಳದ ಅಕ್ಷಾಂಶಕ್ಕೆ ಸಮವಾಗಿರುವುದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ. ನಾಭಿರೇಖೆಯ ಮೇಲೆ 1056 ಡೈಪೋಲ್‌ಗಳಿವೆ. ಹಿಂದೆ ಇವುಗಳ ಸಂಕೇತಗಳನ್ನು ತಂತಿಯಲ್ಲೇ ಕೂಡಿಸುತ್ತಿದ್ದರು. ನಾಲ್ಕು ನಾಲ್ಕು ಡೈಪೋಲ್‌ಗಳಿಗೆ ಒಂದೊಂದು ಸಂಕೇತದಂತೆ 264 ಸಂಕೇತಗಳನ್ನು ಪ್ರತ್ಯೇಕವಾಗಿ ಅಂಕೀಕರಿಸಿ, ಒಂದೊಂದನ್ನೂ ಉಳಿದೆಲ್ಲದರೊಡನೆ ಗುಣಿಸುವುದು ಹೊಸ ಯೋಜನೆ. ಅದರ ಸಂಕೇತ ಸಂಸ್ಕರಣೆಯ ವಿನ್ಯಾಸ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ಇಲ್ಲಿ ಜೋಡಿಗಳು 34,716. ಸುಮಾರು 38 ಮೆಗಾಹರ್ಟ್ಸ್ ಪಟ್ಟಿಗೆ ಸೆಕೆಂಡಿಗೆ ಕನಿಷ್ಠ 7.6 ಕೋಟಿ ಮಾದರಿ ಬೇಕು. 264 ಸಂಕೇತಗಳಿಗೆ ಒಟ್ಟು 2,000 ಕೋಟಿ. ಮಾದರಿಯೊಂದಕ್ಕೆ ಬರೀ ನಾಲ್ಕು ಬಿಟ್ ಎಂದಿಟ್ಟುಕೊಂಡರೂ ಸೆಕೆಂಡಿಗೆ 80 ಗಿಗಾಬಿಟ್, ಅಂದರೆ ಒಂದೊಂದು ಗಿಗಾಬಿಟ್‌ನ 80 ಕೇಬಲ್‌ಗಳು ತುಂಬಿ ಹರಿಯುವಷ್ಟು. ಕಷ್ಟ ಇರುವುದು ಪ್ರಮಾಣದಲ್ಲಿ ಮಾತ್ರವಲ್ಲ. ಪ್ರತಿ ಸಂಕೇತಕ್ಕೆ ಒಂದು ಯಂತ್ರ ಎಂದು ಹಂಚುವಂತಿಲ್ಲ, ಯಾಕೆಂದರೆ ಗುಣಾಕಾರಕ್ಕೆ ಒಂದೇ ಕ್ಷಣದ ಎಲ್ಲ ಸಂಕೇತಗಳೂ ಒಂದೇ ಕಡೆ ಬೇಕು. ಕಾಲವನ್ನು ತುಂಡು ಮಾಡಿ ಒಂದು ತುಂಡನ್ನು ಒಂದು ಯಂತ್ರಕ್ಕೆ ಕೊಡಬಹುದು, ಇಲ್ಲವೇ ಆವರ್ತನವನ್ನು ತುಂಡು ಮಾಡಬಹುದು. ಎರಡರಲ್ಲೂ ಅಡ್ಡಸಾಲಿನಲ್ಲಿ ಬಂದದ್ದನ್ನು ಉದ್ದಸಾಲಿಗೆ ತಿರುಗಿಸುವ ಭಾರಿ ಅದಲುಬದಲು ತಪ್ಪಿದ್ದಲ್ಲ. ಅದನ್ನು ಗಣಕಗಳ ಜಾಲಕ್ಕೇ ಬಿಟ್ಟರೆ ಸ್ವಿಚ್ಚೇ ಉಸಿರುಗಟ್ಟೀತು.

ಪೀಯೂಷ್ ಪ್ರಸಾದ್ ಮತ್ತು ಸಿ. ಆರ್. ಸುಬ್ರಹ್ಮಣ್ಯ 2011ರಲ್ಲಿ ಪ್ರಕಟಿಸಿದ ಪರಿಹಾರ ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಚೊಕ್ಕ ಭಾಗ. ಅವರು ಒಂದರ ಬದಲು ಪರಸ್ಪರ ಸಹಕರಿಸುವ ಎರಡು ಜಾಲಗಳನ್ನು ಇಟ್ಟರು. ಮೊದಲನೆಯದು ಎಫ್‌ಪಿಜಿಎ ಎಂಬ, ಒಳಗಿನ ಮಂಡಲವನ್ನು ಬೇಕಾದಂತೆ ಮರುಜೋಡಿಸಬಹುದಾದ ಚಿಪ್‌ಗಳ ಜಾಲ: ದತ್ತಾಂಶ ಸಾಗುತ್ತಿರುವಾಗಲೇ ಅದನ್ನು ಕೂಡಿಸಿ, ಸಂಸ್ಕರಿಸಿ, ಸರಿಯಾದ ದಿಕ್ಕಿಗೆ ತಿರುಗಿಸುವುದು ಅದರ ಕೆಲಸ. ಎರಡನೆಯದು ಅಂಗಡಿಯಲ್ಲಿ ಸಿಗುವ ಗಣಕಗಳ ಸಮೂಹ. ಅದಕ್ಕೆ ದತ್ತಾಂಶ ತಲುಪುವ ಕೊನೆಯ ಹಾದಿ ಮಾತ್ರ ಗಿಗಾಬಿಟ್ ಈಥರ್ನೆಟ್‌ನಂಥ ಸಾಮಾನ್ಯ ತಂತಿ.

ಸಾಮಾನ್ಯ ಗಣಕಗಳನ್ನು ಜೋಡಿಸಿ ಭಾರಿ ಲೆಕ್ಕ ಮಾಡುವ ರೂಢಿ 1994ರಲ್ಲಿ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಕಟ್ಟಿದ 16 ಯಂತ್ರಗಳ ಬಿಯೊವುಲ್ಫ್‌ನಿಂದ ಹಬ್ಬಿತು. ಒಂದೇ ಲೆಕ್ಕವನ್ನು ಹಲವು ಸಂಸ್ಕಾರಕಗಳಿಗೆ ಹಂಚುವ ಕೆಲಸ ಮಾತ್ರ ನಮ್ಮಲ್ಲಿ ಅದಕ್ಕೂ ಹಳೆಯದು: ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಫ್ಲೋಸಾಲ್ವರ್ 1986ರದು.

ಕೋರ್‌ಗಳ ಸಂಖ್ಯೆಯೊಂದನ್ನೇ ಹಿಡಿದು ವ್ಯವಸ್ಥೆಯನ್ನು ಅಳೆಯುವುದು ಹುಸಿ ಲೆಕ್ಕ. ಜೀನ್ ಆಮ್ಡಾಲ್ 1967ರಲ್ಲೇ ಮುಂದಿಟ್ಟ ತರ್ಕದಂತೆ, ಕೆಲಸದ ಶೇ. 1ರಷ್ಟು ಭಾಗ ಹಂಚಲಾಗದ್ದಾದರೆ 1280 ಕೋರ್‌ಗಳಿಂದ ಸಿಗುವ ವೇಗ ಸುಮಾರು 93 ಪಟ್ಟು ಮಾತ್ರ. ಗ್ರೇಪ್ಸ್-3ರ ಬಗೆಯ ಲೆಕ್ಕದಲ್ಲಿ ಆ ಹಂಚಲಾಗದ ಪಾಲು ನಗಣ್ಯ, ಹಾಗಾಗಿ ಅಲ್ಲಿ ಕೋರ್‌ಗಳಿಗೆ ಸುರಿದ ಹಣ ಸಾರ್ಥಕ. ಮುತ್ತೋರೈಯ ಬಗೆಯ ಲೆಕ್ಕದಲ್ಲಿ ಹಣ ಮೊದಲು ಹೋಗಬೇಕಾದದ್ದು ದತ್ತಾಂಶದ ಹಾದಿಗೆ.

ನಮ್ಮ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಗಣಕ ಸಮೂಹಕ್ಕೆ ಅನುದಾನ ಕೇಳುವ ಮೊದಲು, ತಮ್ಮ ಕೆಲಸ ನಡೆಯುವಾಗ ಯಂತ್ರದಿಂದ ಯಂತ್ರಕ್ಕೆ ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯುತ್ತದೆ ಎಂದು ಅಳೆದು ಆ ಅಂಕಿಯನ್ನು ಅರ್ಜಿಯಲ್ಲೇ ಬರೆಯಲಿ. ಅಂಕಿ ಸೊನ್ನೆಗೆ ಹತ್ತಿರವಿದ್ದರೆ ಸಂಜೆ ಬೀಗ ಬೀಳುವ ಲ್ಯಾಬಿನ ಹಳೆಯ ಗಣಕಗಳೂ ಹಳೆಯ ಸ್ವಿಚ್ಚೂ ಅವರಿಗೆ ಸಾಕು.