ಉಣ್ಣೆಯ ಹೂವು ಯಾರಿಗಾಗಿ?

ಏಪ್ರಿಲ್ 25 ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಗೆ ರಾಷ್ಟ್ರೀಯ ರಜಾದಿನ. ಆ್ಯನ್‌ಝಾಕ್ ದಿನವೆಂದು ಅದರ ಹೆಸರು. 1915ರ ಆ ದಿನ ನಸುಕಿನಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ, ಈ ಎರಡು ದೇಶಗಳ ಸೈನಿಕರು ತುರ್ಕಿಯ ಗಲಿಪೊಲಿ ತೀರದಲ್ಲಿಳಿದರು. ಮುಂದಿನ ತಿಂಗಳುಗಳಲ್ಲಿ 8 ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಅಲ್ಲಿ ಮಡಿದರು. ಕೊನೆಗೆ ಸೈನ್ಯ ಬರಿಗೈಯಲ್ಲಿ ಮರಳಿತು. ಸೋತ ಯುದ್ಧವೊಂದು ಹೀಗೆ ರಾಷ್ಟ್ರದ ದಿನವಾಯಿತು.

ಈ ಸ್ಮರಣೆಗೆ ಕೆಂಪು ಗಸಗಸೆ ಹೂವೇ ಸಂಕೇತ. ಮೆಲ್ಬರ್ನ್‌ನ ಲಿನ್ ಬೆರಿ ಮತ್ತು ಮಾರ್ಗರೆಟ್ ನೈಟ್ ಎಂಬ ಮಹಿಳೆಯರು 2013ರಲ್ಲಿ, ಸೈನಿಕರಾಗಿದ್ದ ತಮ್ಮ ತಂದೆಯರ ನೆನಪಿಗೆ ನೂರಿಪ್ಪತ್ತು ಉಣ್ಣೆಯ ಹೂಗಳನ್ನು ಹೆಣೆಯಲು ಹೊರಟರು. ಮಾತು ಬಾಯಿಂದ ಬಾಯಿಗೆ ಹರಡಿತು. ಹೆಣಿಗೆ ಕಡ್ಡಿ, ಕ್ರೋಶಾ ಕಡ್ಡಿ ಹಿಡಿದ ಸಾವಿರಾರು ಕೈಗಳು ಸೇರಿಕೊಂಡವು. 2015ರಲ್ಲಿ ಗಲಿಪೊಲಿಗೆ ನೂರು ವರ್ಷ ತುಂಬಿದಾಗ ಮೆಲ್ಬರ್ನ್‌ನ ಫೆಡರೇಶನ್ ಚೌಕದಲ್ಲಿ ಎರಡೂವರೆ ಲಕ್ಷ ಹೂಗಳು ಹರಡಿದ್ದವು.

ಇದು ಹೊಸ ರೂಢಿಯೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯಾದ ಹೆಂಗಸರು 13 ಲಕ್ಷಕ್ಕೂ ಹೆಚ್ಚು ಜೋಡಿ ಕಾಲುಚೀಲಗಳನ್ನು ಕೈಯಿಂದಲೇ ಹೆಣೆದು ಸೈನಿಕರಿಗೆ ಕಳುಹಿಸಿದ್ದರು. ಕಂದಕದ ಕೆಸರು ನೀರಿನಲ್ಲಿ ನಿಂತ ಕಾಲುಗಳು ಕೊಳೆಯುತ್ತಿದ್ದ ದಿನಗಳವು. ಒಣ ಕಾಲುಚೀಲವೊಂದು ಒಬ್ಬನ ಕಾಲನ್ನೇ ಉಳಿಸಬಹುದಿತ್ತು. ಯುದ್ಧವನ್ನು ತಡೆಯುವ ಅಧಿಕಾರವಿಲ್ಲದ ತಾಯಂದಿರಿಗೆ ಉಣ್ಣೆಯ ಉಂಡೆಯೊಂದೇ ಉಳಿದಿತ್ತು.

ಆದರೆ ಈ ಹೂಗಳ ಮುಂದೆ ನಿಂತಾಗ ನಮಗೆ ಬೇರೊಂದು ನೆನಪೂ ಬರಬೇಕು. ಗಲಿಪೊಲಿಯಲ್ಲಿ ಸುಮಾರು 16 ಸಾವಿರ ಭಾರತೀಯರಿದ್ದರು. ಅವರಲ್ಲಿ ಸುಮಾರು 1,600 ಮಂದಿ ಮರಳಲಿಲ್ಲ. ಆ ಮೊದಲ ದಿನವೇ ಆಸ್ಟ್ರೇಲಿಯನ್ನರ ಬೆನ್ನಿಗೆ ಬೆಟ್ಟ ಹತ್ತಿದ ಭಾರತೀಯ ಫಿರಂಗಿ ದಳದಲ್ಲಿ ಸಿಖ್ಖರೊಂದಿಗೆ ಪಂಜಾಬಿನ ಮುಸ್ಲಿಮರೂ ಇದ್ದರು. ಎದುರಿಗಿದ್ದದ್ದು ಅವರು ಖಲೀಫರೆಂದು ಗೌರವಿಸುತ್ತಿದ್ದ ಸುಲ್ತಾನರ ಸೈನ್ಯ. ಮುಸ್ಲಿಮ್ ಸೈನಿಕರಿದ್ದ ಎರಡು ಪದಾತಿ ದಳಗಳನ್ನು ನಂಬಿಕೆ ಸಾಲದೆ 1915ರ ಮೇ ತಿಂಗಳಲ್ಲಿ ಅಲ್ಲಿಂದ ಬೇರೆಡೆಗೆ ಕಳುಹಿಸಲಾಯಿತು. ಆದರೆ ಫಿರಂಗಿ ದಳದ ಮುಸ್ಲಿಮರು ಅಲ್ಲಿಯೇ ಉಳಿದು ಹೋರಾಡಿದರು. ಇತ್ತ ತಮ್ಮ ನೆಲವನ್ನು ಕಾಯುತ್ತ ಸತ್ತ ತುರ್ಕರ ಸಂಖ್ಯೆ ಆಸ್ಟ್ರೇಲಿಯನ್ನರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ತನ್ನ ತಂದೆಗಾಗಿ ಮಗಳು ಹೆಣೆದ ಹೂವಿನಲ್ಲಿ ನಾವು ತಪ್ಪು ಹುಡುಕುವುದಿಲ್ಲ. ದುಃಖ ಮನೆಯಿಂದಲೇ ಆರಂಭವಾಗುತ್ತದೆ. ಆದರೆ ರಾಷ್ಟ್ರೀಯ ದಿನಗಳು ದುಃಖಕ್ಕೂ ಗಡಿ ಎಳೆಯುತ್ತವೆ. ನಮ್ಮವರನ್ನು ಎಣಿಸಿ, ಉಳಿದವರನ್ನು ಬಿಟ್ಟುಬಿಡುತ್ತವೆ. ಅನಾತೋಲಿಯದ ತಾಯಿ, ಪಂಜಾಬಿನ ತಾಯಿ, ಮೆಲ್ಬರ್ನ್‌ನ ತಾಯಿ ಕಾದದ್ದು ಮಗನ ಬರವನ್ನೇ. ಆ ಮೂವರಿಗೂ ಸಲ್ಲುವ ಹೂವನ್ನು ಹೆಣೆಯಲು ಯಾವ ದೇಶವೂ ರಜೆ ಕೊಡುವುದಿಲ್ಲ. ಆ ಕೆಲಸ ನಮ್ಮೆಲ್ಲರದು.